ಚಿಂದಿ ಚೀಲ

ಮಗಳು ಬೀರುವಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಎಳೆದು ಹಾಕಿ, ಸ್ಟೂಲ್ ಹತ್ತಿ ಅಟ್ಟಕ್ಕೆ ಕೈ ಹಾಕಿದಳು. ತಳ ಕಿತ್ತ ಸೂಟ್‌ಕೇಸು, ಫ್ಯಾನಿನ ಒಂಟಿ ರೆಕ್ಕೆ, ದಾರ ಕಟ್ಟಿದ ಹಳೇ ಪೇಪರಿನ ಕಟ್ಟು ಒಂದೊಂದಾಗಿ ಕೆಳಗೆ ಬಿದ್ದವು. ಹೊರಗಿನ ಕೋಣೆಯಲ್ಲಿ ಅವಳ ತಾಯಿಯನ್ನು ಮಂಚದ ಮೇಲೆ ಮಲಗಿಸಿದ್ದರು. ನಿನ್ನೆ ಸಂಜೆ ಹೋದ ಜೀವ. ಸುತ್ತ ಕೂತವರು ಅಳುವುದನ್ನು ಅರ್ಧಕ್ಕೆ ಬಿಟ್ಟು ಒಳಗಿನ ಸದ್ದಿಗೆ ಕಿವಿಗೊಟ್ಟರು.

“ತಾಯಿ ಇನ್ನೂ ಮನೇಲೇ ಇದ್ದಾಳೆ, ಆಗ್ಲೇ ಒಡವೆ ಹುಡುಕೋಕೆ ನಿಂತ್ಳು ನೋಡಿ,” ಎಂದರು ಎದುರುಮನೆಯಾಕೆ. ಗುಟ್ಟಾಗಿ ಹೇಳಿದ ಮಾತು. ಆದರೂ ಬಾಗಿಲಾಚೆ ಚಪ್ಪಲಿ ಬಿಡುತ್ತಿದ್ದವರಿಗೂ ಕೇಳಿಸಿತು.

“ಒಡವೆ ಎಲ್ಲಿಂದ ಬರ್ಬೇಕು? ಅತ್ತಿಗೆ ಹತ್ರ ಇದ್ದಿದ್ದು ಸೂಜಿ, ದಾರ, ಬಾಯಿ. ಅಷ್ಟೇ,” ಎಂದರು ಚಿಕ್ಕಪ್ಪ.

ಮಗ ಒಳಗೆ ಬಂದ. ಅವನು ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕು. ಸಾಹೇಬರು ಯಾವ ಕ್ಷಣದಲ್ಲಾದರೂ ಬರಬಹುದೆಂದು ಬೆಳಗಿನಿಂದ ಬಾಗಿಲನ್ನೇ ಕಾಯುತ್ತಿದ್ದ.

“ಏನೇ ಇದು? ಮನೆ ತುಂಬ ಜನ ಕೂತಿದಾರೆ. ಏನ್ ಹುಡುಕ್ತಿದೀಯ?”

“ಚೀಲ.”

“ಯಾವ ಚೀಲ?”

“ಅಮ್ಮನ ಚಿಂದಿ ಚೀಲ, ಅಣ್ಣ. ನಿನಗೆ ಗೊತ್ತಿಲ್ಲದ್ದಾ?”

ಅವನಿಗೆ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ಹೊಲಿಗೆ ಮೆಷಿನ್ ಕೊಳ್ಳಬೇಕು, ಕೈಯಲ್ಲಿ ದುಡ್ಡು ಮಾತ್ರ ಬಿಗಿ ಎನ್ನುವ ಹೆಂಗಸರು ಅಂಗಡಿಗೆ ಹೋಗುವ ಮೊದಲು ಈ ಮನೆಯ ಬಾಗಿಲು ತಟ್ಟುತ್ತಿದ್ದರು. ಅವನ ತಾಯಿ ಆ ಚೀಲ ಹೆಗಲಿಗೇರಿಸಿ ಅವರ ಜೊತೆ ಹೊರಟುಬಿಡುತ್ತಿದ್ದಳು. ಅಂಗಡಿಯವರು ಕೊಡುವ ಬಟ್ಟೆಯ ಮೇಲೆ ಅವಳು ಮೆಷಿನ್ ಓಡಿಸಿ ನೋಡಿದವಳೇ ಅಲ್ಲ. ತನ್ನ ಚೀಲದ ಚಿಂದಿ ತೆಗೆದು ಅದರ ಮೇಲೆ ಓಡಿಸುವಳು, ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುವಳು, ಎರಡು ಕೈಯಿಂದ ಜಗ್ಗುವಳು. ಹತ್ತಕ್ಕೆ ಎಂಟು ಸಲ “ಇದು ಬೇಡ, ನಡಿ” ಎಂದು ಎದ್ದು ಬರುವಳು. ಕಣ್ಣು ಮಂಜಾದ ಮೇಲೆ ತನ್ನ ಸ್ವಂತ ಮೆಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟಳು, ಚೀಲ ಬಿಡಲಿಲ್ಲ. ಹೊಲಿಯೋಕೆ ಕಣ್ಣು ಬೇಕು, ಆರಿಸೋಕೆ ಕಿವಿ, ಉಗುರು ಸಾಕು ಎನ್ನುತ್ತಿದ್ದಳು.

“ಇವತ್ತು ಆ ಚೀಲ ಯಾಕೆ?”

“ಮಹಡಿಯವಳಿಗೆ ಇವತ್ತು ಹತ್ತು ಗಂಟೆಗೆ ಬರ್ತೀನಿ ಅಂತ ಅಮ್ಮ ಮಾತು ಕೊಟ್ಟಿದ್ಳು.”

ಮಹಡಿಯ ಬಾಡಿಗೆ ಮನೆಯ ಆ ಹೆಂಗಸು ಬೆಳಗಿನಿಂದ ಮೆಟ್ಟಿಲ ಮೇಲೆ ಪರ್ಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಒಳಗೆ ಬಂದು ಅಳಲಿಲ್ಲ, ಮೇಲೆ ಹತ್ತಿಯೂ ಹೋಗಲಿಲ್ಲ. ಮಗಳು ಹೋಗಿ ಮಾತಾಡಿಸಿದ ಮೇಲೆ ವಿಷಯ ಹೊರಬಿತ್ತು. ಸೋಮವಾರ ಬೆಳಿಗ್ಗೆ ಯೂನಿಫಾರಂ ಗುತ್ತಿಗೆದಾರ ಮನೆಗೆ ಬಂದು ಮೆಷಿನ್ ನೋಡುತ್ತಾನೆ. ಮೆಷಿನ್ ಇದ್ದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಅದು ಹಿಂದಿನ ಬೀದಿಯವಳ ಪಾಲು. ನಾಳೆ ಭಾನುವಾರ, ಅಂಗಡಿಗೆ ಬೀಗ. ನಾನೊಬ್ಬಳೇ ಹೋದ್ರೆ ಅವ್ರು ಏನು ಕೊಟ್ರೂ ಹೂಂ ಅಂದ್ಬಿಡ್ತೀನಿ ಅಕ್ಕಾ, ನನಗೆ ಬೇಡ ಅನ್ನೋಕೆ ಬರಲ್ಲ ಎಂದು ಹೇಳಿ ಆಮೇಲೆ ಅತ್ತಿದ್ದಳು.

“ತಲೆ ಕೆಟ್ಟಿದೆಯಾ ನಿಂಗೆ?” ಮಗನ ದನಿ ಏರಿತು. “ಎರಡು ಗಂಟೆಗೆ ವ್ಯಾನ್ ಬರುತ್ತೆ. ಅಮ್ಮನ್ನ ಇಲ್ಲಿ ಮಲಗಿಸಿ ನೀನು ಮೆಷಿನ್ ವ್ಯಾಪಾರಕ್ಕೆ ಹೋಗ್ತೀಯಾ? ನಿನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ!”

ಅದು ನಿಜ. ಅವಳು ಸಿಟಿ ಬಸ್ ಓಡಿಸುವವಳು, ಡಿಪೋದ ಕ್ವಾರ್ಟರ್ಸಿನಲ್ಲಿ ಇರುವವಳು. ಹೊಲಿಗೆ ಕಲಿ ಎಂದು ತಾಯಿ ಕೂರಿಸಿದಾಗಲೆಲ್ಲ ಎದ್ದು ಓಡಿದವಳು.

ಅವಳು ಹೊರಗಿನ ಕೋಣೆಗೆ ಬಂದಳು. ತಾಯಿಯ ಮುಖ ನೋಡಿದಳು. ದಿಂಬು ನೋಡಿದಳು. ದಿಂಬಿನ ಕವರಿನ ಬಾಯಿಂದ ಖಾಕಿ ಪಟ್ಟಿಯೊಂದು ಇಣುಕುತ್ತಿತ್ತು. ಚೀಲದ ಆ ಹೆಗಲಪಟ್ಟಿಯನ್ನು ಅವಳು ಚಿಕ್ಕಂದಿನಲ್ಲಿ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆದಿದ್ದಳು.

“ಅತ್ತಿಗೆ, ಈ ದಿಂಬು...”

“ಅವರೇ ಮಾಡ್ಕೊಂಡಿದ್ದು,” ಎಂದಳು ಸೊಸೆ. ಆಮೇಲೆ ತಲೆ ತಗ್ಗಿಸಿ, “ಆ ಗಲೀಜು ಚೀಲ ಎಸೀತೀನಿ ಅಂತ ಹೋದ ತಿಂಗಳು ಒಂದು ಮಾತಂದಿದ್ದೆ,” ಎಂದಳು.

ಸಾಯುವ ಮುದುಕಿ ಸೊಸೆಯ ಕಣ್ಣು ತಪ್ಪಿಸಿ ಚೀಲವನ್ನು ದಿಂಬು ಮಾಡಿಕೊಂಡಿದ್ದಳು! ಮಗಳಿಗೆ ನಗು ಬಂತು, ಅದರ ಹಿಂದೆಯೇ ಅಳು ನುಗ್ಗಿತು. ಎರಡನ್ನೂ ನುಂಗಿ, ಒಂದು ಕೈಯಿಂದ ತಾಯಿಯ ತಲೆ ಎತ್ತಿ, ಇನ್ನೊಂದರಿಂದ ದಿಂಬು ಸೆಳೆದು, ಮಡಚಿದ ಟವೆಲ್ ಇಟ್ಟಳು. ಕೆದರಿದ ಬಿಳಿ ಕೂದಲನ್ನು ಸವರಿ ಸರಿ ಮಾಡಿದಳು.

“ಹೆಣದ ತಲೆದಿಂಬು ಕೀಳ್ತಾರೇನೇ?” ಚಿಕ್ಕಪ್ಪ ಎದ್ದು ನಿಂತರು.

“ಅದರಲ್ಲಿರೋದು ಇವತ್ತಿನ ಕೆಲಸ, ಚಿಕ್ಕಪ್ಪ. ಮುಗಿಸ್ಕೊಂಡು ಬರ್ತೀನಿ.”

“ಹೊಸ್ತಿಲು ದಾಟಿದ್ರೆ ನಿನಗೋಸ್ಕರ ಯಾರೂ ಕಾಯಲ್ಲ. ಹೇಳಿದೀನಿ,” ಎಂದ ಮಗ.

ಅವಳು ಹೊಸ್ತಿಲು ದಾಟಿದಳು.

* * *

ನಲವತ್ತು ವರ್ಷಗಳ ಹಿಂದೆ ತಾಯಿಗೆ ಮೊದಲ ಮೆಷಿನ್ ತಂದುಕೊಟ್ಟವನು ಅವಳ ಗಂಡ. ಮೈತುಂಬ ಬಂಗಾರದ ಬಣ್ಣದ ಹೂಬಳ್ಳಿ, ಮಿರಮಿರ ಮಿಂಚು. ಅಂಗಡಿಯವರು ಗಂಜಿ ಹಾಕಿದ ಗಟ್ಟಿ ಬಿಳಿ ಬಟ್ಟೆಯ ಮೇಲೆ ಓಡಿಸಿ ತೋರಿಸಿದ್ದರು. ಹೊಲಿಗೆ ಅಳತೆಪಟ್ಟಿ ಇಟ್ಟು ಎಳೆದ ಗೆರೆಯಂತೆ ಬಂದಿತ್ತು. ಆ ಬಟ್ಟೆಯ ಮೇಲೆ ಎಂಥ ಮೆಷಿನ್ ಕೂಡ ಚೆನ್ನಾಗಿ ಹೊಲಿಯುತ್ತದೆಂದು ಅವನಿಗೇನು ಗೊತ್ತು?

ಮನೆಗೆ ಬಂದ ಮೇಲೆ ಮೆಷಿನ್ ತನ್ನ ಬುದ್ಧಿ ತೋರಿಸಿತು. ತೆಳು ಬಟ್ಟೆ ಇಟ್ಟರೆ ನುಂಗಿತು, ದಪ್ಪ ಇಟ್ಟರೆ ಮುಷ್ಕರ ಹೂಡಿತು. ಯಾರದೋ ಮದುವೆಯ ಬಟ್ಟೆ ಹಾಳಾಗಿ, ಹೊಸದಾಗಿ ಹಿಡಿದ ಕೆಲಸ ಕೈಬಿಟ್ಟಿತು. ಅಂಗಡಿಗೆ ಹೋಗಿ ಕೇಳಿದರೆ, “ಮೆಷಿನ್ ಸರಿಯಾಗಿದೆ, ಹೊಲಿಯೋಕೆ ಬರಬೇಕಷ್ಟೇ” ಎಂದರು.

ಮೂರನೇ ದಿನ ಅವಳು ತಳ್ಳುಗಾಡಿಯೊಂದನ್ನು ಕೇಳಿ ತಂದು, ಮೆಷಿನ್ ಏರಿಸಿ, ಅದರ ಪಕ್ಕದಲ್ಲಿ ಎರಡು ವರ್ಷದ ಮಗಳನ್ನು ಕೂರಿಸಿ, ಪೇಟೆಯ ನಟ್ಟನಡುವೆ ತಳ್ಳಿಕೊಂಡು ಹೋದಳು. ಅಂಗಡಿಯ ಬಾಗಿಲ ಮುಂದೆ ಇಳಿಸಿದಳು. ಅಂಗಡಿಯದೇ ಸ್ಟೂಲ್ ಎಳೆದುಕೊಂಡು ಕೂತು, ಮನೆಯಿಂದ ತಂದ ಚಿಂದಿಗಳ ಮೇಲೆ ಹೊಲಿಯತೊಡಗಿದಳು. ಒಳಗೆ ಹೋಗುವವರನ್ನೆಲ್ಲ ತಡೆದು, “ನೋಡಿ, ಇಲ್ಲಿ ಕೊಂಡಿದ್ದು ಹೀಗೆ ಹೊಲಿಯುತ್ತೆ” ಎಂದು ಕೈಗೆ ಕೊಟ್ಟಳು. ಬೆಳಿಗ್ಗೆ ಮಾಲೀಕರು ನಕ್ಕರು, ಮಧ್ಯಾಹ್ನ ಗದರಿದರು, ಸಂಜೆ ಬೇಡಿಕೊಂಡರು.

“ಆ ಚಿಂದಿ ತಗೊಂಡು ಎದ್ದು ಹೋಗಮ್ಮ, ಬೇರೆ ಮೆಷಿನ್ ಕೊಡ್ತೀನಿ!”

“ಚಿಂದಿ ಮೇಲೆ ಓಡಿಸಿ ನೋಡಿದ ಮೇಲೆ,” ಎಂದಳು.

ಕತ್ತಲಾಗುವ ಮುಂಚೆ ಹೂವಿಲ್ಲದ, ಕರೀ ಬಣ್ಣದ ಮೆಷಿನ್ ಒಂದನ್ನು ಅದೇ ಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಜೊತೆಗೆ ಚಿಂದಿ ಅಮ್ಮ ಎಂಬ ಹೆಸರೂ ಬಂತು. ಮಾನ ಹೋಯಿತೆಂದು ಗಂಡ ಒಂದು ವಾರ ಅವಳ ಜೊತೆ ಮಾತು ಬಿಟ್ಟ. ಅದೂ ಒಂದು ಲಾಭವೇ ಎಂದು ಅವಳು ಕೊನೆಯವರೆಗೂ ನಗುತ್ತಿದ್ದಳು.

* * *

ಈಗ ಆ ಅಂಗಡಿ ಮಾಲೀಕರ ಮಗನದು. ಗಾಜಿನ ಬಾಗಿಲು ಬಂದಿತ್ತು, ಒಳಗೆ ಸಾಲಾಗಿ ಕವರ್ ಹೊದ್ದ ಮೆಷಿನ್ನುಗಳು. ಮಗಳನ್ನು ಕಂಡು ಅಂಗಡಿಯವರು ಕನ್ನಡಕ ತೆಗೆದರು.

“ಸುದ್ದಿ ಕೇಳ್ದೆ. ಮಧ್ಯಾಹ್ನ ಬರೋಣ ಅಂತಿದ್ದೆ. ನೀವೇ ಇಲ್ಲಿ?”

“ಇವಳಿಗೊಂದು ಮೆಷಿನ್ ಬೇಕು. ಎರಡು ಗಂಟೆ ಹೊಡೆಯೋದ್ರೊಳಗೆ.”

ಅಂಗಡಿಯವರ ಮುಖದಲ್ಲಿ ದುಃಖವೂ ಇತ್ತು, ಸ್ವಲ್ಪ ನಿರಾಳವೂ ಇತ್ತು. ಚಿಂದಿ ಅಮ್ಮನಿಲ್ಲದ ಮೊದಲ ವ್ಯಾಪಾರ. ಅವರು ಹುರುಪಿನಿಂದ ಬಿಳೀ ಮೆಷಿನ್ ಒಂದರ ಕವರ್ ತೆಗೆದರು. “ಎಪ್ಪತ್ತು ಥರ ಹೊಲಿಗೆ. ಗುಂಡಿ ಕಾಜಾ ಅದೇ ಮಾಡುತ್ತೆ. ನಿಮ್ಮ ಬಜೆಟ್ಟಲ್ಲಿ ಇದಕ್ಕಿಂತ ಒಳ್ಳೇದು ಸಿಗಲ್ಲ,” ಎಂದು ಗಂಜಿ ಹಾಕಿದ ಬಿಳಿ ಬಟ್ಟೆ ಇಟ್ಟು ಓಡಿಸಿದರು. ಹೂವು, ಎಲೆ, ಬಾತುಕೋಳಿ, ಎಲ್ಲ ಬಂದವು. ಮಹಡಿಯವಳು ಬಾಯಿ ತೆರೆದು ನೋಡಿದಳು.

“ಆ ಬಟ್ಟೆ ತೆಗೀರಿ,” ಎಂದಳು ಮಗಳು.

ಚೀಲ ಮೇಜಿನ ಮೇಲೆ ಕೂತಿತು. ಒಳಗಿದ್ದ ಚಿಂದಿಗಳು ಬಿಡಿಬಿಡಿಯಾಗಿರಲಿಲ್ಲ. ಒಂದರ ತುದಿಗೆ ಇನ್ನೊಂದನ್ನು ಗಂಟು ಹಾಕಿ ತಾಯಿ ಸರಪಳಿ ಮಾಡಿದ್ದಳು: ಒಳಪದರಿನ ಜಾರುಬಟ್ಟೆ, ಬನಿಯನ್ ತುಂಡು, ಹಾಸಿಗೆ ಬಟ್ಟೆ, ಟವೆಲ್, ಕೊನೆಗೆ ನಾಲ್ಕು ಮಡಿಕೆಯ ಜೀನ್ಸ್. ಪ್ರತಿ ತುಂಡಿನ ಮೇಲೂ ಸಾಲು ಸಾಲು ಹೊಲಿಗೆ, ಬೇರೆ ಬೇರೆ ಬಣ್ಣದ ದಾರ. ಇಷ್ಟು ವರ್ಷ ನೋಡಿದ ಮೆಷಿನ್ನುಗಳೆಲ್ಲ ಅಲ್ಲಿ ಒಂದೊಂದು ಗೆರೆ ಬಿಟ್ಟುಹೋಗಿದ್ದವು. ಮಗಳು ಕೈಗೆ ಸಿಕ್ಕ ತುದಿಯಿಂದಲೇ ಶುರು ಮಾಡಿದಳು. ಸಿಕ್ಕಿದ್ದು ಜೀನ್ಸ್.

ಟಕ್ ಎಂದಿತು. ಸೂಜಿ ಮುರಿದು ತುದಿ ಗಾಜಿಗೆ ಸಿಡಿಯಿತು.

“ನೋಡಿ!” ಅಂಗಡಿಯವರಿಗೆ ಬೇಕಾಗಿದ್ದೂ ಅದೇ. “ನಿಮ್ಮಮ್ಮ ತೆಳ್ಳಗಿನ ತುದಿಯಿಂದ ಶುರು ಮಾಡೋರು. ಯಾವುದನ್ನ ಮೊದಲು ಇಡ್ಬೇಕು ಅಂತ ಗೊತ್ತಿಲ್ದೆ ಬಂದ್ರೆ ಹೀಗೇ.”

ಮಗಳ ಕಿವಿ ಕೆಂಪಾಯಿತು. ಗಂಟು ಹಾಕಿದ್ದು ಕ್ರಮಕ್ಕೆಂದು ಅವಳಿಗೆ ಆಗ ಹೊಳೆಯಿತು. ಚಿಕ್ಕಂದಿನಿಂದ ಆ ಸರಪಳಿಯ ಜೊತೆ ಆಡಿದವಳು, ಒಂದು ದಿನವೂ ಕೇಳಿರಲಿಲ್ಲ. ಕೇಳೋಣವೆಂದರೆ ಇನ್ನು ಯಾರನ್ನು ಕೇಳುವುದು? ಎದ್ದು ಹೋಗಿಬಿಡೋಣ ಅನ್ನಿಸಿತು. ಪಕ್ಕದಲ್ಲಿ ಮಹಡಿಯವಳು ಪರ್ಸನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

“ಸರಿ, ತಪ್ಪಾಯ್ತು. ಬೇರೆ ಸೂಜಿ ಹಾಕಿ,” ಎಂದಳು ಮಗಳು.

ಅಂಗಡಿಯವರು ಡ್ರಾಯರ್ ಎಳೆದರು, ಇನ್ನೊಂದು ಎಳೆದರು. “ಇದಕ್ಕೆ ಕಂಪನಿ ಸೂಜಿನೇ ಆಗ್ಬೇಕು. ತರಿಸ್ಬೇಕು. ನಾಲ್ಕೈದು ದಿನ...”

“ನಿಮ್ಮಂಗಡೀಲೇ ಇಲ್ವಾ?” ಕೇಳಿದವಳು ಮಹಡಿಯವಳು. ತನ್ನ ದನಿ ಕೇಳಿ ತಾನೇ ಬೆಚ್ಚಿದಳು. “ಹಂಗಾದ್ರೆ ನನಗೆ ಕೆಲಸದ ಮಧ್ಯೆ ಮುರಿದ್ರೆ?”

ಬಿಳೀ ಮೆಷಿನ್ ಅಲ್ಲಿಗೆ ಮುಗಿಯಿತು.

ಎರಡನೆಯದರ ಪಕ್ಕದ ಚಕ್ರವನ್ನು ದಾರವಿಲ್ಲದೆ ಕೈಯಿಂದ ತಿರುಗಿಸಿ ಮಗಳು ಕಿವಿ ಇಟ್ಟಳು. ಇಪ್ಪತ್ತು ವರ್ಷ ಬಸ್ಸಿನ ಹೊಟ್ಟೆಯ ಸದ್ದು ಕೇಳಿದ ಕಿವಿ. “ಒಳಗೆ ಗೇರು ಕಚ್ತಿದೆ. ಪ್ಲಾಸ್ಟಿಕ್ ಹಲ್ಲಾ?” ಅಂಗಡಿಯವರು ಕನ್ನಡಕ ಒರೆಸಿಕೊಂಡರು. ಮೂರನೆಯದು ತೆಳ್ಳಗಿನ ಬಟ್ಟೆಗಳನ್ನು ಚೆನ್ನಾಗಿಯೇ ದಾಟಿ ಟವೆಲ್ಲಿಗೆ ಬರುವಷ್ಟರಲ್ಲಿ ಅಡಿಯ ದಾರ ಸಡಿಲ ಬಿಟ್ಟಿತು. ಮಹಡಿಯವಳು ಉಗುರು ಎಳೆದಳು. ಉಗುರಿಗೆ ಕುಣಿಕೆ ಸಿಕ್ಕಿತು.

“ಬೇಡ,” ಎಂದಳು. ಹುಟ್ಟಿದಾರಭ್ಯ ಅವಳು ಅಂಗಡಿಯಲ್ಲಿ ಹೇಳಿದ ಮೊದಲ ಬೇಡ ಅದು.

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ಅಂಗಡಿಯವರು ಮೆಷಿನ್ನುಗಳಿಗೆ ಕವರ್ ಹೊದಿಸತೊಡಗಿದರು. ಮಗಳ ಕಣ್ಣು ಆ ಕವರುಗಳ ಮೇಲೆ ಬಿತ್ತು. ಟಾರ್ಪಾಲಿನಂಥ ದಪ್ಪ ಬಟ್ಟೆ, ಅಂಚಿಗೆ ಎರಡೆರಡು ಮಡಿಕೆ. ಹೊಲಿಗೆ ಒಂದು ಕಡೆಯೂ ಓರೆಯಾಗಿರಲಿಲ್ಲ. ಅವಳು ಮಡಿಕೆ ಹಿಡಿದು ಜಗ್ಗಿದಳು. ಜಪ್ಪಯ್ಯ ಅನ್ನಲಿಲ್ಲ.

“ಈ ಕವರ್ ಯಾವ ಮೆಷಿನ್ನಲ್ಲಿ ಹೊಲಿದ್ರಿ?”

ಅಂಗಡಿಯವರು ಇನ್ನೊಂದು ಕವರಿಗೆ ಕೈ ಹಾಕಿದರು. ಮೂಲೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಕೆಲಸದವಳು ಹಿಂದಿನ ಪರದೆಯ ಕಡೆ ಗದ್ದ ಎತ್ತಿ ತೋರಿಸಿದಳು. ಪರದೆಯಾಚೆ ಬಣ್ಣ ಹೋದ, ಕಬ್ಬಿಣದ, ಕಾಲಲ್ಲಿ ತುಳಿಯುವ ಮೆಷಿನ್. ಒಂದೇ ಹೊಲಿಗೆ, ನೆಟ್ಟಗಿನದು.

“ಅದು ಮಾರೋದಲ್ಲ,” ಎಂದರು ಅಂಗಡಿಯವರು ಅಡ್ಡ ನಿಂತು. “ನಾನು ಅಂಗಡೀಲಿ ಕೂತ ಮೇಲೇ ಇಪ್ಪತ್ತು ವರ್ಷ ಬಂದ್ರು ನಿಮ್ಮಮ್ಮ. ಇದೊಂದನ್ನ ಕೇಳ್ಲಿಲ್ಲ.”

“ನಾನು ಕೇಳ್ತಿದೀನಿ.”

ಮಹಡಿಯವಳು ಆಗಲೇ ಅದರ ಮುಂದೆ ಕೂತಿದ್ದಳು. ಈ ಸಲ ತೆಳ್ಳಗಿನ ತುದಿಯಿಂದ. ಜಾರುಬಟ್ಟೆ ದಾಟಿತು. ಬನಿಯನ್ ಮೇಲೆ ಎರಡು ಕಡೆ ಹೊಲಿಗೆ ತಪ್ಪಿಸಿತು. “ಯೂನಿಫಾರಂಗೆ ಬನಿಯನ್ ಬಟ್ಟೆ ಬರಲ್ಲ, ಪರವಾಗಿಲ್ಲ,” ಎಂದು ಮುಂದೆ ಹೋದಳು. ಟವೆಲ್ ದಾಟಿತು. ಜೀನ್ಸಿನ ನಾಲ್ಕು ಮಡಿಕೆಯನ್ನು ತಡೆದು ನಿಲ್ಲದೆ ದಾಟಿತು.

“ಇದನ್ನ ಕೊಟ್ಟು ನಾನು ಕವರ್ ಯಾವುದ್ರಲ್ಲಿ ಹೊಲೀಲಿ?” ಎಂದರು ಅಂಗಡಿಯವರು.

“ಎಪ್ಪತ್ತು ಥರ ಹೊಲಿಯುತ್ತಲ್ಲ, ಆ ಬಿಳೀದ್ರಲ್ಲಿ ಹೊಲೀರಿ.”

ಒಳಗೆ ಬಂದಿದ್ದ ಇಬ್ಬರು ಗಿರಾಕಿಗಳು ಕಿಸಕ್ಕನೆ ನಕ್ಕರು. ಕೆಲಸದವಳು ಪೊಟ್ಟಣದ ಹಿಂದೆ ಮುಖ ಮುಚ್ಚಿಕೊಂಡಳು. ಮಗಳು ಒಂದು ಸ್ಟೂಲ್ ಎಳೆದು ಗಾಜಿನ ಬಾಗಿಲಿಗೆ ಅಡ್ಡ ಹಾಕಿ ಕೂತಳು.

“ಎರಡು ಗಂಟೆಗೆ ನಮ್ಮಮ್ಮನ್ನ ತಗೊಂಡು ಹೋಗ್ತಾರೆ. ನಾನು ಅಲ್ಲಿರ್ಬೇಕು. ಆದ್ರೆ ನೀವು ಕೊಡೋವರೆಗೂ ಏಳಲ್ಲ. ಒಂದ್ಸಲ ನಿಮ್ಮಪ್ಪನ ಮುಂದೆ ಕೂತು ಅಭ್ಯಾಸ ಇದೆ ನಂಗೆ. ಆಗ ಎರಡು ವರ್ಷ ನಂಗೆ.”

ಅಂಗಡಿಯವರು ಅವಳನ್ನೂ ಚೀಲವನ್ನೂ ನೋಡಿದರು. ಆಮೇಲೆ ಅವಳ ತಲೆಯ ಮೇಲಿಂದ ಬಾಗಿಲು ತಳ್ಳಿ ಸಾಮಾನು ಗಾಡಿಯವನನ್ನು ಕೂಗಿದರು. ಮಹಡಿಯವಳ ಪರ್ಸಿನಲ್ಲಿ ಒಂದು ಡಬ್ಬಿ ಎಣ್ಣೆಗೂ ಎರಡು ಪೊಟ್ಟಣ ಸೂಜಿಗೂ ಆಗುವಷ್ಟು ಇನ್ನೂ ಉಳಿದಿತ್ತು. ಸೂಜಿ ಮಾಮೂಲಿನದು, ಎಲ್ಲ ಬೀದಿಯಲ್ಲೂ ಸಿಗುವಂಥದ್ದು.

* * *

ಮಗ ತಾಯಿಗೆ ಒಂದು ಮೆಷಿನ್ ಕೊಡಿಸಿದ್ದ. ಬಡ್ತಿ ಸಿಕ್ಕ ವರ್ಷ. ಅಂಗಡಿಯಲ್ಲಿದ್ದ ದೊಡ್ಡದು, ದೀಪ ಉರಿಯುವಂಥದ್ದು. ಕಚೇರಿಯ ಸ್ನೇಹಿತರನ್ನು ಊಟಕ್ಕೆ ಕರೆದು ಅವರ ಮುಂದೆಯೇ ಪೆಟ್ಟಿಗೆ ಬಿಚ್ಚಿದ. ತಾಯಿ ಖುಷಿಯಿಂದ ಚೀಲ ತಂದಳು. ಅವನದೇ ಹಳೇ ಜೀನ್ಸ್ ಕತ್ತರಿಸಿ ಮಾಡಿದ ಚಿಂದಿಯನ್ನು ಕೊನೆಗೆ ಇಟ್ಟಳು. ಮೆಷಿನ್ ಗೊರಗೊರ ಎಂದು ನಾಲ್ಕು ಹೆಜ್ಜೆ ಸೊಟ್ಟಗೆ ಹೋಗಿ ನಿಂತಿತು.

“ಇದು ಮೆಷಿನ್ನಲ್ಲ ಕಣೋ, ಷೋಕೇಸು. ನಾಳೆ ವಾಪಸ್ ಮಾಡೋಣ,” ಎಂದಳು.

ಸ್ನೇಹಿತರು ನಕ್ಕರು. ತಾಯಿಗೆ ಮೆಷಿನ್ನಿನ ಸುಳ್ಳು ಗೊತ್ತಾಗುತ್ತಿತ್ತು, ಮಗನ ಮುಖ ಓದುವುದು ಮಾತ್ರ ಆ ದಿನ ತಪ್ಪಿತು. ಅವತ್ತಿನಿಂದ ಅವನು ಆ ಚೀಲವನ್ನು ಕಣ್ಣೆತ್ತಿ ನೋಡಿರಲಿಲ್ಲ.

* * *

ಎರಡು ಗಂಟೆಗೆ ವ್ಯಾನ್ ಬಂದು, ಮೂತಿಯನ್ನು ಗಲ್ಲಿಯ ಬಾಯಿಗೆ ತಿರುಗಿಸಿಕೊಂಡು ಮಹಡಿಯ ಮೆಟ್ಟಿಲ ಬುಡದಲ್ಲೇ ನಿಂತಿತು. ಗಲ್ಲಿಯಲ್ಲಿ ಅದು ನಿಂತ ಮೇಲೆ ಒಬ್ಬ ಮನುಷ್ಯ ಅಡ್ಡಡ್ಡ ನಡೆದು ಹೋಗುವಷ್ಟೇ ಜಾಗ.

ಸಾಹೇಬರು ಬಂದು ಐದು ನಿಮಿಷ ನಿಂತು ಹೋಗಿದ್ದರು. ಆದರೆ ಮಗ ಎಣಿಸದಿದ್ದ ಜನ ಬಂದಿದ್ದರು. ದೂರದ ಬೀದಿಗಳ ಹೆಂಗಸರು, ಒಬ್ಬರ ಹಿಂದೆ ಒಬ್ಬರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು, ಬಟ್ಟೆಗಂಟಿದ ದಾರದ ಎಳೆ. ನನ್ನ ಮೆಷಿನ್ ಅವರೇ ಆರಿಸಿದ್ದು ಎಂದಳು ಒಬ್ಬಳು. ಗಂಡ ಬಿಟ್ಟುಹೋದ, ಮೆಷಿನ್ ಬಿಟ್ಟುಹೋಗಲಿಲ್ಲ ಎಂದಳು ಇನ್ನೊಬ್ಬಳು, ಅಳುತ್ತಲೇ. ಎಲ್ಲರೂ ಕೇಳಿದ್ದು ಒಂದೇ: ಚೀಲ ಎಲ್ಲಿ?

“ಮಗಳು ತಗೊಂಡು ಹೋಗಿದಾಳೆ, ಮಹಡಿಯವಳಿಗೆ ಮೆಷಿನ್ ಕೊಡಿಸೋಕೆ,” ಎಂದರು ಎದುರುಮನೆಯಾಕೆ, ಅವರೂ ತಮ್ಮ ಜೊತೆ ಛೀ ಅನ್ನಲಿ ಎಂದು.

ಅವರು ಛೀ ಅನ್ನಲಿಲ್ಲ. ಹೊಸ್ತಿಲ ಮೇಲೆ ಸಾಲಾಗಿ ಕೂತರು.

“ಹಂಗಾದ್ರೆ ಅವಳು ಬರ್ಲಿ. ಆಮೇಲೆ ಎತ್ತಿ.”

“ಟೈಮಾಯ್ತಮ್ಮ, ಏಳಿ,” ಎಂದರು ಚಿಕ್ಕಪ್ಪ.

“ನಮ್ಮನ್ನ ದಾಟ್ಕೊಂಡು ಹೋಗ್ತೀರಾ?”

ಎರಡೂ ಇಪ್ಪತ್ತಕ್ಕೆ ಗಲ್ಲಿಯ ಬಾಯಲ್ಲಿ ಸಾಮಾನು ಗಾಡಿ ಹಾರ್ನ್ ಹೊಡೆಯಿತು. ಹಿಂದೆ ಮೆಷಿನ್ ಹಿಡಿದುಕೊಂಡು ಮಗಳೂ ಮಹಡಿಯವಳೂ ನಿಂತಿದ್ದರು.

“ವ್ಯಾನ್ ಅಡ್ಡ ಇದೆ, ಇಲ್ಲೇ ಇಳಿಸಿ,” ಎಂದ ಗಾಡಿಯವನು.

“ಕಬ್ಬಿಣದ್ದಪ್ಪಾ, ಇಷ್ಟು ದೂರ ಹೊರೋಕಾಗಲ್ಲ. ವ್ಯಾನ್ ಹತ್ತಡಿ ಹಿಂದಕ್ಕೆ ಹೋದ್ರೆ ಸಾಕು,” ಎಂದಳು ಮಗಳು.

“ಸತ್ತವರ ಗಾಡಿ ಹಿಂದಕ್ಕೆ ಹೋಗೋದುಂಟಾ?” ಚಿಕ್ಕಪ್ಪ ಕೂಗಿದರು. ವ್ಯಾನಿನ ಡ್ರೈವರ್ ಮಗನ ಮುಖ ನೋಡಿದ. ಎಲ್ಲರೂ ಮಗನ ಮುಖ ನೋಡಿದರು.

ಮಗ ತಂಗಿಯನ್ನು ನೋಡಿದ. ಕೂದಲು ಕೆದರಿತ್ತು, ಅಂಗೈಗೆ ಗ್ರೀಸ್ ಮೆತ್ತಿತ್ತು, ಹೆಗಲಲ್ಲಿ ಖಾಕಿ ಪಟ್ಟಿ. ಥೇಟ್ ಅಮ್ಮ.

“ಹಿಂದಕ್ಕೆ ತಗೊಳ್ರೀ,” ಎಂದ ಡ್ರೈವರಿಗೆ.

ಮಗಳು ಇಳಿದು ವ್ಯಾನಿನ ಹಿಂದೆ ಹೋಗಿ ನಿಂತಳು. ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ಕೈ ಮಾಡುವಂತೆಯೇ, “ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ, ಇನ್ನೂ ಬನ್ನಿ, ಹಾಂ, ಸಾಕು!” ಎಂದು ತಾಯಿಯ ವ್ಯಾನನ್ನು ಹಿಂದಕ್ಕೆ ಕರೆದಳು. ತಾಯಿಯನ್ನು ಎತ್ತಲು ತೋಳು ಮಡಚಿ ನಿಂತಿದ್ದ ನಾಲ್ವರಿಗೆ ಮಗ, “ಮೊದಲು ಇದನ್ನ ಹಿಡೀರಿ,” ಎಂದ. ತಾನೂ ಒಂದು ಮೂಲೆ ಹಿಡಿದ. ಮೆಷಿನ್ ಮೆಟ್ಟಿಲು ಹತ್ತಿತು.

ಆಮೇಲೆ ಅದೇ ಕೈಗಳು ತಾಯಿಯನ್ನು ಎತ್ತಿದವು. ಎಷ್ಟು ಹಗುರವಾಗಿದ್ದಳು ಎಂದು ಮಗ ಅತ್ತ. ಬೆಳಗಿನಿಂದ ಅವನು ಅತ್ತಿದ್ದು ಅದೇ ಮೊದಲು.

ಚೀಲವನ್ನು ಅಮ್ಮನ ಜೊತೆಗೇ ಕಳಿಸಿಬಿಡು ಎಂದು ಎದುರುಮನೆಯಾಕೆ ಹೇಳಿದರು. ಮಗಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು, ಕೊಡಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದವರಲ್ಲಿ ಒಬ್ಬಳು ಬರುವ ವಾರ ಬಿಡುವಿದೆಯಾ ಎಂದು ಆಗಲೇ ಅವಳ ಕಿವಿಯಲ್ಲಿ ಕೇಳಿದ್ದಳು.

ವ್ಯಾನಿನಲ್ಲಿ ಅಣ್ಣ ತಂಗಿ ಎದುರುಬದುರು ಕೂತರು. ಮಧ್ಯೆ ಅಮ್ಮ. ಅಣ್ಣ ಕೈ ಚಾಚಿದ. ಅವಳು ಸರಪಳಿಯ ದಪ್ಪ ತುದಿ ಕೊಟ್ಟಳು. ತನ್ನ ಹಳೇ ಜೀನ್ಸಿನ ಚಿಂದಿಯ ಮೇಲೆ ಅವನು ಹೆಬ್ಬೆರಳಿನ ಉಗುರು ಎಳೆಯುತ್ತಾ ಹೋದ. ನೀಲಿ ದಾರದ ಸಾಲೊಂದು ನಾಲ್ಕು ಹೆಜ್ಜೆ ಸೊಟ್ಟಗೆ ಹೋಗಿ ನಿಂತಿತ್ತು. ಬಿಚ್ಚಿ ಎಸೆಯಬಹುದಾಗಿತ್ತು, ತಾಯಿ ಬಿಚ್ಚಿರಲಿಲ್ಲ. ಅದರ ಪಕ್ಕದಲ್ಲೇ ಇವತ್ತಿನ ಕರೀ ದಾರದ ಸಾಲು. ಅವನು ಎರಡು ಕೈಯಿಂದ ಹಿಡಿದು ಜಗ್ಗಿದ.

ಮೇಲೆ ಮಹಡಿಯಲ್ಲಿ ಮೆಷಿನ್ ಸದ್ದು ಶುರುವಾಯಿತು.

“ಸಾವಿನ ಮನೆ ಮೇಲೆ ಏನಿದು? ನಿಲ್ಸು ಅನ್ನಿ ಅವಳಿಗೆ,” ಎಂದರು ಹೊರಗಿನಿಂದ ಚಿಕ್ಕಪ್ಪ.

“ಹೊರಡೋಣ್ವಾ ಸಾರ್?” ಎಂದು ಡ್ರೈವರ್ ಕೀಲಿ ತಿರುಗಿಸಲು ಹೋದ.

“ಸ್ವಲ್ಪ ತಡೀರಿ,” ಎಂದ ಮಗ, ಕೈ ಎತ್ತಿ.

ಉದ್ದನೆಯ ಹೊಲಿಗೆ. ಎಲ್ಲೂ ತಡವರಿಸದೆ ಸಾಗಿತ್ತು. ಅದು ಕೊನೆ ಮುಟ್ಟಿ, ಮೇಲೆ ಕತ್ತರಿ ಕಚ್ಚಿದ ಸದ್ದು ಕೇಳುವವರೆಗೂ ವ್ಯಾನ್ ಹೊರಡಲಿಲ್ಲ.